ನೆತ್ತಿ ತಟ್ಟಿದರೆ ವಡೆಯ ತುಂಡು ಹೊರಬರುವುದಿಲ್ಲ

ಪ್ರಶ್ನೆ: ಕಳೆದ ಭಾನುವಾರ ಬೆಳಿಗ್ಗೆ 71 ವರ್ಷದ ನಮ್ಮ ತಂದೆಯವರನ್ನು ಕರೆದುಕೊಂಡು ಮನೆಯ ಹತ್ತಿರದ ಹೋಟೆಲಿಗೆ ತಿಂಡಿಗೆ ಹೋಗಿದ್ದೆವು. ಮಾತನಾಡುತ್ತಲೇ ಉದ್ದಿನ ವಡೆಯ ತುಂಡೊಂದನ್ನು ಬಾಯಿಗಿಟ್ಟುಕೊಂಡವರು ಇದ್ದಕ್ಕಿದ್ದಂತೆ ಎರಡೂ ಕೈಗಳಿಂದ ಕುತ್ತಿಗೆ ಹಿಡಿದುಕೊಂಡರು. ಕೆಮ್ಮಲಿಲ್ಲ, ಕೂಗಲಿಲ್ಲ, ಮುಖ ಕಪ್ಪಿಟ್ಟಿತು. ನೆತ್ತಿಗೆ ಹತ್ತಿರಬೇಕೆಂದು ನಾನು ತಲೆ ತಟ್ಟಿದೆ, ಪಕ್ಕದ ಮೇಜಿನವರು ನೀರಿನ ಲೋಟವನ್ನು ಬಾಯಿಗೆ ಹಿಡಿದರು. ಅಷ್ಟರಲ್ಲಿ ಸಪ್ಲೈಯರ್ ಹುಡುಗನೊಬ್ಬ ಓಡಿ ಬಂದು, ಲೋಟವನ್ನು ಸರಿಸಿ, ಅವರನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಜೋರಾಗಿ ಹೊಡೆದ. ನಾಲ್ಕನೆಯ ಏಟಿಗೆ ತುಂಡು ಹೊರಬಿತ್ತು. ಹಿರಿಯರಿಗೆ ಹಾಗೆ ಹೊಡೆಯುವುದೇ ಎಂದು ಕೆಲವರು ಅವನನ್ನು ಗದರಿದರು. ಅವನು ಮಾಡಿದ್ದು ಸರಿಯೇ? ತಂದೆಯವರಿಗೆ ಅಂದಿನಿಂದ ಸ್ವಲ್ಪ ಕೆಮ್ಮು ಉಳಿದಿದೆ. ಮೇಲ್ದವಡೆಗೆ ಹಲ್ಲಿನ ಸೆಟ್ ಹಾಕಿಸಿಕೊಂಡು ಮೂರು ತಿಂಗಳಾಗಿದೆ. ಇನ್ನು ವಡೆ ಕೊಡುವುದನ್ನೇ ನಿಲ್ಲಿಸಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಕೆಮ್ಮಿನ ವಿಷಯ. ಉಸಿರು ಕಟ್ಟಿದ ಘಟನೆಯ ನಂತರ ಕೆಮ್ಮು ಉಳಿದರೆ, ಆಹಾರದ ಚೂರೊಂದು ಶ್ವಾಸನಾಳದ ಕೆಳಗಿನ ಕವಲಿನಲ್ಲಿ ಸಿಕ್ಕಿಕೊಂಡಿರಬಹುದು. ಅದು ಅಲ್ಲಿಯೇ ಉಳಿದರೆ ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆದ್ದರಿಂದ ತಡಮಾಡದೆ ತಂದೆಯವರನ್ನು ವೈದ್ಯರಿಗೆ ತೋರಿಸಿ, ಹೋಟೆಲಿನಲ್ಲಿ ನಡೆದದ್ದನ್ನು ತಪ್ಪದೆ ತಿಳಿಸಿ.

ಆ ಹುಡುಗ ಮಾಡಿದ್ದು ಸರಿ. ನಿಮ್ಮ ತಂದೆಯವರ ಜೀವ ಉಳಿಸಿದವನು ಅವನೇ ಎಂದು ನಾನು ಹಿಂಜರಿಯದೆ ಹೇಳುತ್ತೇನೆ, ಗದರಿಸಿಕೊಂಡ ಅವನಿಗೆ ಈ ಮಾತನ್ನು ದಯವಿಟ್ಟು ತಲುಪಿಸಿ.

ನೀರೋ ಸಾರೋ ತಪ್ಪು ದಾರಿ ಹಿಡಿದು ಕೆಮ್ಮು ಬಂದಾಗ ನಾವು ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎಂದು ತಲೆ ತಟ್ಟುತ್ತೇವೆ. ಅಜ್ಜಿಯರ ಕೈಯಿಂದ ಬಂದ ಈ ಅಕ್ಕರೆಯಿಂದ ಆಗ ಕೆಡುಕೇನೂ ಇಲ್ಲ, ಏಕೆಂದರೆ ಕೆಮ್ಮುತ್ತಿರುವವರ ಶ್ವಾಸನಾಳದಲ್ಲಿ ಗಾಳಿ ಓಡಾಡುತ್ತಲೇ ಇರುತ್ತದೆ. ಅಂಥವರಿಗೆ ಜೋರಾಗಿ ಕೆಮ್ಮಲು ಹೇಳಿದರೆ ಸಾಕು. ನಿಮ್ಮ ತಂದೆಯವರದು ಬೇರೆಯೇ ಸ್ಥಿತಿ. ಗಂಟಲಿನಲ್ಲಿ ಅನ್ನನಾಳ ಮತ್ತು ಶ್ವಾಸನಾಳಗಳ ಬಾಯಿಗಳು ಒಂದರ ಪಕ್ಕ ಒಂದು ಇದ್ದು, ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಮಾತನಾಡುವಾಗ ಅದು ತೆರೆದಿರುತ್ತದೆ. ಅದೇ ಗಳಿಗೆಯಲ್ಲಿ ಜಾರಿದ ತುಂಡು ದಾರಿಯನ್ನು ಪೂರ್ತಿ ಮುಚ್ಚಿದರೆ ದನಿ ಹೊರಡುವುದಿಲ್ಲ, ಕೆಮ್ಮೂ ಬರುವುದಿಲ್ಲ. ಆ ಮೌನವೇ ಅಪಾಯದ ಗುರುತು. ಮೆದುಳಿಗೆ ಆಮ್ಲಜನಕ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಹಾನಿ ಆರಂಭವಾಗುವುದರಿಂದ ಅಲ್ಲಿಯೇ ಇದ್ದವರು ಕೈಹಾಕಬೇಕು, ಒಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ನೀರು ಕುಡಿಸಲೇಬಾರದು.

ವ್ಯಕ್ತಿಯನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ಹೊಡೆಯಬೇಕು. ತುಂಡು ಬಾರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಒಂದು ಮುಷ್ಟಿಯನ್ನಿಟ್ಟು, ಅದನ್ನು ಇನ್ನೊಂದು ಕೈಯಿಂದ ಹಿಡಿದು, ಒಳಕ್ಕೂ ಮೇಲಕ್ಕೂ ಐದು ಬಾರಿ ಝಾಡಿಸಿ ಒತ್ತಬೇಕು. ಅಮೆರಿಕದ ಶಸ್ತ್ರಚಿಕಿತ್ಸಕ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಕಟಿಸಿದ ವಿಧಾನವಿದು: ಶ್ವಾಸಕೋಶದಲ್ಲಿ ಉಳಿದ ಗಾಳಿಯೇ ತುಂಡನ್ನು ಹೊರದೂಡುತ್ತದೆ. ತುಂಡು ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮುಂದುವರಿಸಬೇಕು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು. ಒಂದು ವರ್ಷದೊಳಗಿನ ಕೂಸುಗಳ ಹೊಟ್ಟೆಯನ್ನು ಒತ್ತಲೇಬಾರದು. ಪ್ರಜ್ಞೆ ತಪ್ಪಿದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತುವ ಸಿಪಿಆರ್ ಆರಂಭಿಸಬೇಕು. ಕಣ್ಣಿಗೆ ಕಾಣದ ತುಂಡಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಹೊಟ್ಟೆ ಒತ್ತಿಸಿಕೊಂಡವರು ಚೇತರಿಸಿಕೊಂಡ ಮೇಲೂ ವೈದ್ಯರ ಬಳಿ ಹೋಗಬೇಕು, ಒಳಗೆ ಪೆಟ್ಟಾಗಿರುವುದುಂಟು.

ವಡೆಯನ್ನು ನಿಲ್ಲಿಸಬೇಕಾಗಿಲ್ಲ. ಮೇಲಿನ ಸೆಟ್ ಅಂಗುಳನ್ನು ಮುಚ್ಚುವುದರಿಂದ ತುಂಡು ಎಷ್ಟು ದೊಡ್ಡದು, ಎಷ್ಟು ಅಗಿದಾಗಿದೆ ಎಂಬುದು ಮೊದಲಿನಷ್ಟು ತಿಳಿಯುವುದಿಲ್ಲ. ಸೆಟ್ ಸಡಿಲವಿದ್ದರೆ ದಂತವೈದ್ಯರಿಂದ ಸರಿಪಡಿಸಿಕೊಳ್ಳಲಿ. ವಡೆ ಸಾಂಬಾರಿನಲ್ಲಿ ಚೆನ್ನಾಗಿ ನೆನೆದ ಮೇಲೆ ಚಮಚದಿಂದ ಚಿಕ್ಕದಾಗಿ ಮುರಿದುಕೊಂಡು, ಬಾಯಲ್ಲಿರುವುದನ್ನು ನುಂಗುವವರೆಗೆ ಮಾತು ನಿಲ್ಲಿಸಿ ತಿನ್ನಲಿ. ನೀರು ಕುಡಿಯುವಾಗಲೂ ಆಗಾಗ ಕೆಮ್ಮು ಬರುತ್ತಿದ್ದರೆ ನುಂಗುವ ಕ್ರಿಯೆಯಲ್ಲೇ ತೊಂದರೆಯಿರಬಹುದು, ಅದನ್ನೂ ಇದೇ ಭೇಟಿಯಲ್ಲಿ ವೈದ್ಯರಿಗೆ ಹೇಳಿ.