ಹಚ್ಚಿದ್ದು ಗೊತ್ತಾಗದ ಹಾಗೆ ಫೌಂಡೇಶನ್ ಹಚ್ಚುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಮುಖದ ಬಣ್ಣ ಒಂದೇ ಸಮ ಕಾಣಲು ಹಚ್ಚುವ ಲಿಕ್ವಿಡ್ ಫೌಂಡೇಶನ್ ಬಗ್ಗೆಯೇ ಜಾಸ್ತಿ. ಮದುವೆ ಸೀಸನ್ ಅಲ್ವಾ. ಕೂದಲು, ಉಗುರಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದಕ್ಕೇ ಕೂತಿದ್ದೇನೆ.

ನನ್ನದು ಎಣ್ಣೆಗಪ್ಪು ಬಣ್ಣ. ಅಂಗಡಿಯಲ್ಲಿ ಕೇಳಿದರೆ "ಒಂದು ಶೇಡ್ ಬೆಳ್ಳಗಿರೋದು ತಗೊಳ್ಳಿ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ" ಅಂತಾರೆ. ಹಚ್ಚಿಕೊಂಡರೆ ಮುಖ ಬೂದಿ ಬೂದಿಯಾಗಿ ಕಾಣುತ್ತದೆ, ಕುತ್ತಿಗೆ ಬೇರೆ ಬಣ್ಣ. ನನ್ನಂಥವರಿಗೆ ಫೌಂಡೇಶನ್ ಹೊಂದುವುದೇ ಇಲ್ವಾ ಅಕ್ಕಾ?
– ಓದುಗರು, ಹಾಸನ

ಹೊಂದುತ್ತದೆ, ಖಂಡಿತ ಹೊಂದುತ್ತದೆ. ಹೊಂದದೇ ಇದ್ದದ್ದು ಆ ಶೇಡ್. ನಿಮ್ಮ ಬಣ್ಣದಲ್ಲಿ ಯಾವ ತಪ್ಪೂ ಇಲ್ಲ, ಇದನ್ನು ಮೊದಲು ಮನಸ್ಸಿಂದ ತೆಗೆದುಹಾಕಿ.

ಬೂದಿ ಬಣ್ಣ ಯಾಕೆ ಬರುತ್ತದೆ ಅಂತ ಹೇಳುತ್ತೇನೆ. ಹೆಚ್ಚು ಕಡಿಮೆ ಎಲ್ಲ ಫೌಂಡೇಶನ್‌ಗಳ ಬಣ್ಣವೂ ನಾಲ್ಕು ಪುಡಿಗಳಿಂದ ಆಗುವುದು. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್, ಆಮೇಲೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್. ಶೇಡ್ ಬೆಳ್ಳಗಾದಷ್ಟೂ ಬಿಳಿ ಪುಡಿ ಜಾಸ್ತಿ. ಅದು ಗಾಢ ಬಣ್ಣದ ಚರ್ಮದ ಮೇಲೆ ಕೂತರೆ ಮುಖ ಬೆಳ್ಳಗಾಗುವುದಿಲ್ಲ, ಬೂದಿಯಾಗುತ್ತದೆ. ಫೋಟೋದಲ್ಲಿ ಇನ್ನೂ ಕೆಟ್ಟದಾಗಿ ಕಾಣುತ್ತದೆ. 'ಒಂದು ಶೇಡ್ ಬೆಳ್ಳಗೆ' ಅನ್ನುವ ಸಲಹೆ ಎಷ್ಟು ಜನ ಹೆಣ್ಣುಮಕ್ಕಳ ಆತ್ಮವಿಶ್ವಾಸ ಕೆಡಿಸಿದೆಯೋ, ನನಗಂತೂ ಅದನ್ನು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ.

2017ರಲ್ಲಿ ಫೆಂಟಿ ಬ್ಯೂಟಿ ಒಟ್ಟಿಗೇ 40 ಶೇಡ್ ತಂದ ಮೇಲೆ ಉಳಿದ ಕಂಪನಿಗಳೂ ಗಾಢ ಬಣ್ಣಗಳನ್ನು ಹೆಚ್ಚು ಮಾಡಿದವು. ಹಾಗಾಗಿ ಈಗ ಹುಡುಕಿದರೆ ಸಿಗುತ್ತದೆ. ಕೈ ಮಣಿಕಟ್ಟಿನ ಮೇಲೆ ಹಚ್ಚಿ ನೋಡಬೇಡಿ, ಅಲ್ಲಿನ ಬಣ್ಣವೇ ಬೇರೆ. ದವಡೆಯ ಮೇಲೆ, ಅರ್ಧ ಕೆನ್ನೆಗೆ ಅರ್ಧ ಕುತ್ತಿಗೆಗೆ ಬರುವ ಹಾಗೆ, ಮೂರು ಶೇಡ್‌ನಲ್ಲಿ ಮೂರು ಗೆರೆ ಎಳೆಯಿರಿ. ಅಂಗಡಿಯ ಬಿಳಿ ಲೈಟ್ ಕೆಳಗೆ ತೀರ್ಮಾನ ಮಾಡದೆ ಹೊರಗೆ ಬಂದು ಹಗಲು ಬೆಳಕಲ್ಲಿ ನೋಡಿ. ಯಾವ ಗೆರೆ ಕಾಣದೆ ಹೋಗುತ್ತದೋ ಅದು ನಿಮ್ಮದು. ಕೂಡಲೇ ದುಡ್ಡು ಕೊಡಬೇಡಿ. ಒಂದು ಕಾಫಿ ಕುಡಿದು, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಕೆಲವು ಫೌಂಡೇಶನ್ ಹಚ್ಚಿದ ಮೇಲೆ ಸ್ವಲ್ಪ ಕಪ್ಪಾಗುತ್ತವೆ.

ಇನ್ನೊಂದು ವಿಷಯ ಅಂಡರ್‌ಟೋನ್, ಅಂದರೆ ಬಣ್ಣದ ಒಳಗಿನಿಂದ ಕಾಣುವ ಛಾಯೆ. ಶೇಡ್ ಎಷ್ಟು ಗಾಢ ಅನ್ನುವುದು ಸರಿ ಇದ್ದರೂ ಅದು ಗುಲಾಬಿ ಕಡೆ ಇದ್ದರೆ ನಮ್ಮಲ್ಲಿ ಬಹಳಷ್ಟು ಜನರಿಗೆ ಹೊಂದುವುದಿಲ್ಲ. ಹಳದಿ, ಬಂಗಾರ ಅಥವಾ ಆಲಿವ್ ಕಡೆ ಇರುವುದನ್ನು ಕೇಳಿ ನೋಡಿ. ಸರಿಯಾದ್ದು ಸಿಗದೇ ಹೋದರೆ ಒಂದೇ ಕಂಪನಿಯ ಒಂದೇ ಬಗೆಯ ಎರಡು ಶೇಡ್ ತಂದು ಬೆರೆಸಿಕೊಳ್ಳಿ. ಖರ್ಚು ಜಾಸ್ತಿ ನಿಜ, ಆದರೆ ಎರಡು ಬಾಟಲಿ ಬಹಳ ದಿನ ಬರುತ್ತದೆ.

ದಿನಾ ಆಫೀಸಿಗೆ ಹಚ್ಚುತ್ತೇನೆ. ಶೇಡ್ ಸರಿ ಇದೆ. ಆದರೂ ಮುಖವಾಡ ಹಾಕಿದ ಹಾಗೆ ಕಾಣುತ್ತದೆ. ಬೆರಳು, ಬ್ರಷ್, ಸ್ಪಂಜ್ ಇವುಗಳಲ್ಲಿ ಯಾವುದು ಒಳ್ಳೆಯದು?
– ಓದುಗರು, ಬೆಂಗಳೂರು

ಮೂರೂ ಆಗುತ್ತದೆ. ನಿಮ್ಮ ತೊಂದರೆ ಇರುವುದು ಅಳತೆಯಲ್ಲಿ, ಮತ್ತೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರಲ್ಲಿ. ತುಂಬಾ ಜನ ಹಣೆ, ಎರಡು ಕೆನ್ನೆ, ಮೂಗು, ಗದ್ದ ಅಂತ ಐದು ಕಡೆ ದೊಡ್ಡ ದೊಡ್ಡ ಬೊಟ್ಟು ಇಟ್ಟು ಗೋಡೆಗೆ ಸುಣ್ಣ ಬಳಿದ ಹಾಗೆ ಇಡೀ ಮುಖಕ್ಕೆ ಒಂದೇ ಸಮ ಎಳೆದುಬಿಡುತ್ತಾರೆ. ಚರ್ಮ ಯಾವತ್ತೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹಾಗೆ ಮಾಡಿದಾಗಲೇ ಮುಖವಾಡ ಆಗುವುದು.

ಮುಖ ತೊಳೆದು ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಹಚ್ಚಿ ಐದ್ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ಸೀರೆ ಉಟ್ಟುಕೊಳ್ಳಿ, ಡಬ್ಬಿ ಕಟ್ಟಿಕೊಳ್ಳಿ. ಆಮೇಲೆ ಕಿಟಕಿ ಪಕ್ಕ ಕನ್ನಡಿ ಇಟ್ಟುಕೊಂಡು, ಫೌಂಡೇಶನ್ ಅನ್ನು ಮುಂಗೈ ಮೇಲೆ ಬಟಾಣಿ ಕಾಳಿನಷ್ಟು ಮಾತ್ರ ಹಾಕಿಕೊಳ್ಳಿ. ಮೂಗಿನ ಪಕ್ಕ, ಬಾಯಿಯ ಸುತ್ತ, ಹುಬ್ಬಿನ ನಡುವೆ, ಎಲ್ಲಿ ಬಣ್ಣ ಹೆಚ್ಚು ಕಡಿಮೆ ಇದೆಯೋ ಅಲ್ಲಿಂದ ಶುರು ಮಾಡಿ ಹೊರಗಡೆಗೆ ತನ್ನಿ. ಕಿವಿ, ಕೂದಲಿನ ಅಂಚಿಗೆ ಬರುವಷ್ಟರಲ್ಲಿ ಕೈಯಲ್ಲಿ ಏನೂ ಉಳಿದಿರಬಾರದು. ಅಲ್ಲಿ ಬರೀ ನಿಮ್ಮ ಚರ್ಮವೇ ಇರಲಿ.

ಬೆರಳಲ್ಲಾದರೆ ಕೈಯ ಬಿಸಿಗೆ ಅದು ಕರಗಿದ ಹಾಗಾಗಿ ಚರ್ಮಕ್ಕೆ ಚೆನ್ನಾಗಿ ಕೂರುತ್ತದೆ. ಬ್ರಷ್ ಹೆಚ್ಚು ಮುಚ್ಚುತ್ತದೆ, ಆದರೆ ಎಳೆದರೆ ಗೆರೆ ಬೀಳುತ್ತದೆ. ನನಗೆ ಇಷ್ಟ ಸ್ಪಂಜ್. ಅದನ್ನು ನಲ್ಲಿ ಕೆಳಗೆ ಹಿಡಿದು ಪೂರ್ತಿ ಉಬ್ಬುವವರೆಗೆ ನೆನೆಸಿ, ಹಿಂಡಿ, ಆಮೇಲೆ ಟವೆಲ್‌ನಲ್ಲಿ ಸುತ್ತಿ ಇನ್ನೊಂದು ಸಲ ಹಿಂಡಿ. ಮುಟ್ಟಿದರೆ ತಂಪಾಗಿರಬೇಕು, ನೀರು ಬರಬಾರದು. ಒಣ ಸ್ಪಂಜ್ ಫೌಂಡೇಶನ್ ಕುಡಿಯುತ್ತದೆ, ನೀರಿರುವ ಸ್ಪಂಜ್ ಅದನ್ನು ಒಡೆಯುತ್ತದೆ. ಇನ್ನು ಸ್ಪಂಜನ್ನು ಉಜ್ಜಬೇಡಿ, ಎಳೆಯಬೇಡಿ. ತಟ್ಟುತ್ತಾ ಹೋಗಿ. ವಾರಕ್ಕೊಮ್ಮೆಯಾದರೂ ಸೋಪು ಹಾಕಿ ತೊಳೆದು ಗಾಳಿಯಲ್ಲಿ ಒಣಗಿಸಿ. ಒದ್ದೆ ಸ್ಪಂಜನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ.

ಈಗ ಕನ್ನಡಿಯಿಂದ ಒಂದು ಕೈ ದೂರ ನಿಂತು ನೋಡಿ. ಜನ ನಿಮ್ಮನ್ನು ನೋಡುವುದು ಅಷ್ಟು ದೂರದಿಂದಲೇ. ಒಂದೆರಡು ಮೊಡವೆ ಕಲೆ ಇನ್ನೂ ಕಾಣುತ್ತಿದೆಯಾ? ಅದಕ್ಕಾಗಿ ಇಡೀ ಮುಖಕ್ಕೆ ಇನ್ನೊಂದು ಕೋಟ್ ಬೇಡ. ಸಣ್ಣ ಬ್ರಷ್ ತುದಿಯಲ್ಲಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ತಗೊಂಡು ಕಲೆಯ ಮೇಲೆ ಮಾತ್ರ ಇಡಿ. ಒಂದು ನಿಮಿಷ ಬಿಡಿ, ಸ್ವಲ್ಪ ಗಟ್ಟಿಯಾಗಲಿ. ಆಮೇಲೆ ಅದರ ಅಂಚನ್ನು ಮಾತ್ರ ಬೆರಳ ತುದಿಯಲ್ಲಿ ತಟ್ಟಿ, ನಡುವೆ ಮುಟ್ಟಬೇಡಿ. ಕಲೆ ಮಾಯ, ಪಕ್ಕದ ಚರ್ಮ ಹಾಗೇ ಇರುತ್ತದೆ. ಮಚ್ಚೆ ಇದ್ದರೆ ದಯವಿಟ್ಟು ಮುಚ್ಚಬೇಡಿ, ಅದು ಕಾಣಿಸಿದರೇ ಮುಖ ನಿಮ್ಮದು ಅನಿಸುವುದು. ಪೌಡರ್ ಮೂಗಿನ ಪಕ್ಕ, ಹುಬ್ಬಿನ ನಡುವೆ, ಗದ್ದಕ್ಕೆ ಸಾಕು. ಕೆನ್ನೆಯ ಮೇಲಿನ ಸಣ್ಣ ಹೊಳಪು ಹಾಗೇ ಇರಲಿ.

ಸನ್‌ಸ್ಕ್ರೀನ್ ಮೇಲೆ ಫೌಂಡೇಶನ್ ಹಚ್ಚಿದರೆ ರಬ್ಬರ್ ಪುಡಿಯ ಹಾಗೆ ಉಂಡೆ ಉಂಡೆಯಾಗಿ ಎದ್ದು ಬರುತ್ತದೆ. ಫೌಂಡೇಶನ್‌ನಲ್ಲೇ ಎಸ್‌ಪಿಎಫ್ ಇದೆಯಲ್ಲಾ, ಸನ್‌ಸ್ಕ್ರೀನ್ ಬಿಟ್ಟರೆ ಆಗಲ್ವಾ?
– ಓದುಗರು, ಕಲಬುರಗಿ

ನಿಮ್ಮ ಊರಿನ ಬಿಸಿಲಿಗೆ ಬಿಡಲೇಬೇಡಿ. ಎಸ್‌ಪಿಎಫ್ ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ. ಅದರ ಪರೀಕ್ಷೆ ಮಾಡುವಾಗ ಒಂದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಹಚ್ಚುತ್ತಾರೆ. ಅಷ್ಟು ಫೌಂಡೇಶನ್ ಯಾರೂ ಮುಖಕ್ಕೆ ಹಾಕಿಕೊಳ್ಳುವುದಿಲ್ಲ, ಹಾಕಿಕೊಂಡರೆ ನೋಡಲಾಗುವುದಿಲ್ಲ. ಹಾಗಾಗಿ ಬಾಟಲಿ ಮೇಲೆ ಬರೆದ ನಂಬರಿನಷ್ಟು ರಕ್ಷಣೆ ನಿಮಗೆ ಸಿಗುವುದಿಲ್ಲ.

ಉಂಡೆ ಏಳುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಸನ್‌ಸ್ಕ್ರೀನ್ ಆರುವ ಮೊದಲೇ ಉಜ್ಜುವುದು ಒಂದು. ಕೆಳಗಿನದಕ್ಕೂ ಮೇಲಿನದಕ್ಕೂ ಹೊಂದಾಣಿಕೆ ಇಲ್ಲದಿರುವುದು ಇನ್ನೊಂದು. ಎರಡೂ ಪ್ಯಾಕ್ ತಿರುಗಿಸಿ ನೋಡಿ. ಒಂದರಲ್ಲಿ ಡೈಮೆಥಿಕೋನ್ (ಇದು ಒಂದು ಬಗೆಯ ಸಿಲಿಕೋನ್) ಮೊದಲ ಎರಡು ಮೂರು ಹೆಸರಲ್ಲೇ ಇದ್ದು, ಇನ್ನೊಂದರಲ್ಲಿ ಸಿಲಿಕೋನ್ ಇಲ್ಲವೇ ಇಲ್ಲ ಅಂದರೆ ಒಂದರ ಮೇಲೊಂದು ನಿಲ್ಲದೆ ಜಾರಬಹುದು. ಒಂದೇ ಜಾತಿಯವನ್ನು ಜೋಡಿ ಮಾಡಿ ನೋಡಿ, ಮತ್ತೆ ಸೀರಮ್, ಪ್ರೈಮರ್ ಅಂತ ಪದರ ಜಾಸ್ತಿ ಮಾಡಬೇಡಿ.

ಮಂಗಳೂರಿನ ಸೆಕೆಗೆ ಎರಡೇ ಗಂಟೆಯಲ್ಲಿ ಮೇಕಪ್ ಇಳಿಯುತ್ತದೆ. ಪೌಡರ್ ಮೇಲೆ ಪೌಡರ್ ಹಾಕಿದರೂ ನಿಲ್ಲುವುದಿಲ್ಲ.
– ಓದುಗರು, ಸುರತ್ಕಲ್

ಪೌಡರ್ ಮೇಲೆ ಪೌಡರ್ ಹಾಕಿದ್ದಕ್ಕೇ ನಿಲ್ಲುತ್ತಿಲ್ಲ. ಬೆವರು, ಎಣ್ಣೆ, ಪೌಡರ್ ಮೂರೂ ಸೇರಿ ಮುದ್ದೆಯಾಗುತ್ತದೆ. ಮೊದಲು ಟಿಶ್ಯೂ ಅಥವಾ ಮೆತ್ತಗಿನ ಹತ್ತಿ ಕರ್ಚೀಫ್ ಒತ್ತಿ ಬೆವರು ತೆಗೆಯಿರಿ. ಒತ್ತಬೇಕು, ಒರೆಸಬಾರದು. ಆಮೇಲೆ ಬೇಕೆನಿಸಿದರೆ ಮಾತ್ರ ಚೂರು ಪೌಡರ್. ಹಚ್ಚುವಾಗ ಫ್ಯಾನ್ ಕೆಳಗೆ ಕೂತು ಬೆವರು ಆರಿದ ಮೇಲೆಯೇ ಶುರು ಮಾಡಿ, ತೆಳ್ಳಗೆ ಹಚ್ಚಿ. ಲಾಂಗ್ ವೇರ್ ಅಂತ ಬರೆದ, ಹೊಳಪಿಲ್ಲದ ಮ್ಯಾಟ್ ಫೌಂಡೇಶನ್ ಆದರೆ ಬೇಗ ಒಣಗುತ್ತದೆ, ಹಾಗಾಗಿ ಮುಖದ ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ನನ್ನ ಕೇಳಿದರೆ ಸನ್‌ಸ್ಕ್ರೀನ್ ಹಚ್ಚಿ, ಕನ್ಸೀಲರ್ ಬೇಕಾದಲ್ಲಿ ಚೂರು ತಟ್ಟಿ ಹೊರಟುಬಿಡಿ.

ನನಗೆ 48. ಎರಡೂ ಕೆನ್ನೆ ಮೇಲೆ ಭಂಗು ಇದೆ. ಮುಚ್ಚಲು ಹೋದರೆ ಕಣ್ಣಿನ ಕೆಳಗೆ ಫೌಂಡೇಶನ್ ಗೆರೆಗೆರೆಯಾಗಿ ಕೂರುತ್ತದೆ.
– ಓದುಗರು, ಧಾರವಾಡ

ಭಂಗಿಗೆ ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿರಿ, ಸುಮ್ನೆ ಸಿಕ್ಕಿದ ಕ್ರೀಮ್ ಹಚ್ಚಬೇಡಿ. ಸ್ಟೀರಾಯ್ಡ್ ಇರುವ ಕ್ರೀಮ್‌ಗಳನ್ನು ಅಂಗಡಿಯಿಂದ ತಂದು ಹಚ್ಚಿಕೊಂಡು ಮುಖದ ಚರ್ಮ ತೆಳ್ಳಗಾಗಿ, ಕೆಂಪಾಗಿ ಕಷ್ಟಪಡುವವರು ಬಹಳ. ಬಣ್ಣ ಇರುವ ಸನ್‌ಸ್ಕ್ರೀನ್ ನಿಮಗೆ ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಆ ಬೆಳಕಿಂದಲೂ ಭಂಗು ಹೆಚ್ಚಾಗುತ್ತದೆ.

ಮುಚ್ಚುವುದಕ್ಕೆ ಭಂಗಿನ ಮೇಲೆ ಮಾತ್ರ, ತೀರಾ ತೆಳ್ಳಗೆ ಪೀಚ್ ಅಥವಾ ಕಿತ್ತಳೆ ಬಣ್ಣದ ಕರೆಕ್ಟರ್ ಹಚ್ಚಿ. ಕಪ್ಪು, ಬೂದು ಛಾಯೆ ಅದರಿಂದ ಇಳಿಯುತ್ತದೆ, ಆಗ ಮೇಲೆ ಫೌಂಡೇಶನ್ ಸ್ವಲ್ಪವೇ ಸಾಕು. ಪೂರ್ತಿ ಮುಚ್ಚಲೇಬೇಕು ಅನ್ನುವ ಹಟ ಬಿಡಿ. ಅರ್ಧ ಮಸುಕಾದರೂ ಎಷ್ಟೋ ವಾಸಿ. ಕಣ್ಣಿನ ಕೆಳಗೆ ಫೌಂಡೇಶನ್ ಹಾಕಲೇಬೇಡಿ. ಕೆನ್ನೆ ಮುಗಿಸಿ ಸ್ಪಂಜ್‌ನಲ್ಲಿ ಉಳಿದದ್ದನ್ನು ಒಂದು ಸಲ ಒತ್ತಿದರೆ ಆಯಿತು, ಪೌಡರ್ ಅಂತೂ ಅಲ್ಲಿಗೆ ಬೇಡ.

ಮದುವೆಗೆ ನಾನೇ ಮೇಕಪ್ ಮಾಡಿಕೊಳ್ಳಬೇಕು ಅಂತಿದ್ದೇನೆ. ಹಿಂದಿನ ದಿನ ಅರಿಶಿನ ಶಾಸ್ತ್ರ ಇದೆ. ಏನು ಗಮನದಲ್ಲಿಡಬೇಕು?
– ಓದುಗರು, ಶಿವಮೊಗ್ಗ

ಒಳ್ಳೆಯದಾಗಲಿ ತಂಗಿ, ಧೈರ್ಯವಾಗಿ ಮಾಡಿಕೊಳ್ಳಿ. ನೀವು ಅರಿಶಿನದ ವಿಷಯ ಎತ್ತಿದ್ದು ಚೆನ್ನಾಯಿತು, ಯಾಕೆಂದರೆ ಎಲ್ಲರೂ ಮರೆಯುವುದು ಅದನ್ನೇ. ಮರುದಿನ ಚರ್ಮ ಹಳದಿಯಾಗಿರುತ್ತದೆ, ತಿಂಗಳ ಮೊದಲು ಆರಿಸಿದ ಶೇಡ್ ಅವತ್ತು ಹೊಂದದೇ ಹೋಗಬಹುದು. ಶಾಸ್ತ್ರಕ್ಕೆ ಮೊದಲು ಮುಖ, ಕುತ್ತಿಗೆಗೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಬಣ್ಣ ಅಷ್ಟು ಹಿಡಿಯುವುದಿಲ್ಲ. ಮುಖಕ್ಕೆ ಹಚ್ಚುವವರಿಗೆ ಸ್ವಲ್ಪವೇ ಹಚ್ಚಿ ಅಂತ ಹೇಳಿ, ಬೇಗ ತೊಳೆದುಕೊಳ್ಳಿ. ಉಜ್ಜಿ ಉಜ್ಜಿ ತೆಗೆಯಲು ಹೋದರೆ ಚರ್ಮ ಕೆರಳುತ್ತದೆ.

ಬೆಳಗಿನ ಮುಹೂರ್ತ ಆದರೆ ಟ್ಯೂಬ್‌ಲೈಟ್ ಕೆಳಗೆ ಹಚ್ಚಿಕೊಳ್ಳುತ್ತೀರಿ, ಆ ಬೆಳಕಲ್ಲಿ ಎಷ್ಟಾಯಿತು ಅಂತ ಗೊತ್ತಾಗುವುದಿಲ್ಲ. ವಾರದ ಮೊದಲೇ ಅದೇ ಹೊತ್ತಿಗೆ ಒಮ್ಮೆ ಹಚ್ಚಿ, ಫ್ಲಾಶ್ ಹಾಕಿ ಫೋಟೋ ತೆಗೆಸಿ ನೋಡಿ. ಬಿಳಿ ಸಿಲಿಕಾ ಪೌಡರ್, ಟೈಟಾನಿಯಂ ಅಥವಾ ಜಿಂಕ್ ಜಾಸ್ತಿ ಇರುವ ಸನ್‌ಸ್ಕ್ರೀನ್ ಕನ್ನಡಿಯಲ್ಲಿ ಚೆನ್ನಾಗಿದ್ದರೂ ಫ್ಲಾಶ್‌ನಲ್ಲಿ ಬೆಳ್ಳಗೆ ಹೊಡೆಯುತ್ತವೆ. ಸೀರೆ ಬ್ಲೌಸ್‌ಗೆ ಬೆನ್ನು, ಕುತ್ತಿಗೆ ಕಾಣುತ್ತದೆ, ಅಲ್ಲಿಗೂ ಸ್ಪಂಜ್‌ನಲ್ಲಿ ಉಳಿದದ್ದನ್ನು ತಟ್ಟಿಬಿಡಿ. ಹೋಮದ ಹೊಗೆಗೆ ಕಣ್ಣಲ್ಲಿ ನೀರು ಬಂದೇ ಬರುತ್ತದೆ, ಮಡಿಸಿದ ಟಿಶ್ಯೂ ಯಾರಾದರೂ ಗೆಳತಿಯ ಕೈಯಲ್ಲಿ ಇರಲಿ.

ಮೂರು ವರ್ಷದ ಹಿಂದೆ ತಂದ ಬಾಟಲಿ ಅರ್ಧ ಇದೆ. ಹಚ್ಚಬಹುದಾ?
– ಓದುಗರು, ತುಮಕೂರು

ಬೇಡ. ಬಾಟಲಿ ಹಿಂದೆ ಮುಚ್ಚಳ ತೆಗೆದ ಡಬ್ಬಿಯ ಸಣ್ಣ ಚಿತ್ರ ಇರುತ್ತದೆ, ಅದರೊಳಗೆ 12ಎಂ ಅಂತಿದ್ದರೆ ತೆರೆದ ಮೇಲೆ 12 ತಿಂಗಳು ಅಂತ ಅರ್ಥ. ವಾಸನೆ ಬದಲಾಗಿದ್ದರೆ, ಅಲ್ಲಾಡಿಸಿದರೂ ಎಣ್ಣೆ ಬೇರೆ ಬಣ್ಣ ಬೇರೆ ನಿಂತಿದ್ದರೆ ಅಷ್ಟು ದಿನವೂ ಕಾಯಬೇಡಿ. ಹೊಸದು ತಂದಾಗ ತೆರೆದ ತಾರೀಖನ್ನು ಬಾಟಲಿ ಮೇಲೆ ಪೆನ್ನಿನಲ್ಲಿ ಬರೆದಿಡಿ.