ನಮ್ಮ ಜಿಲ್ಲೆಯ ವಿವಿ ಯಾರ ಕೈಲಿದೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಜಿಲ್ಲಾ ಮಟ್ಟದ ಚಿಕ್ಕ ವಿಶ್ವವಿದ್ಯಾಲಯಗಳ ಬಗ್ಗೆ. ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಬೀದರ್, ಕೊಪ್ಪಳ, ಹಾವೇರಿ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರ, ಈ ಏಳು ಜಿಲ್ಲೆಗಳಿಗೆ 2022ರಲ್ಲಿ ಹೊಸ ವಿವಿ ಘೋಷಣೆಯಾಯಿತು. ಮರುವರ್ಷ ಬಾಗಿಲು ತೆರೆದವು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯೊಂದು ಈ ಏಳೂ ಸೇರಿದ ಹೊಸ ಹತ್ತು ವಿವಿಗಳಲ್ಲಿ ಬೀದರ್ ಒಂದನ್ನು ಉಳಿಸಿಕೊಂಡು ಮಿಕ್ಕ ಒಂಬತ್ತನ್ನು ಮುಚ್ಚಬೇಕು ಇಲ್ಲವೇ ಹಳೆ ವಿವಿಗಳಿಗೆ ಸೇರಿಸಬೇಕು ಎಂದು ಶಿಫಾರಸು ಮಾಡಿತು. ಪತ್ರಗಳೆಲ್ಲ ಅಲ್ಲಿಂದ ಶುರುವಾದವು.

ಮಗಳು ಹಾಸನ ವಿವಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ವಿವಿ ಮುಚ್ಚಿದರೆ ಅವಳ ಡಿಗ್ರಿಗೆ ಬೆಲೆ ಇರುತ್ತಾ? ಈಗಲೇ ಟಿ.ಸಿ. ತೆಗೆಸಿ ಮೈಸೂರಿಗೆ ಸೇರಿಸಲೇ?
*– ಓದುಗರು, ಅರಕಲಗೂಡು*

ಟಿ.ಸಿ. ತೆಗೆಸಬೇಡಿ. ಇವು ಶಾಸನಸಭೆ ಮಾಡಿದ ಕಾಯ್ದೆಯಿಂದ ಹುಟ್ಟಿದ ವಿವಿಗಳು. ಪದವಿ ಕೊಡುವ ಹಕ್ಕು ಅವಕ್ಕೆ ಕಾನೂನಿನಿಂದಲೇ ಬಂದಿದೆ. ಕೊಟ್ಟ ಪದವಿ ಕೊಟ್ಟದ್ದೇ, ಮುಂದೆ ವಿವಿ ಇದ್ದರೂ ಇಲ್ಲದಿದ್ದರೂ.

ಇನ್ನೊಂದು ಮಾತು. ಉಪಸಮಿತಿ ಹೇಳಿದ ಮಾತ್ರಕ್ಕೆ ವಿವಿ ಮುಚ್ಚುವುದಿಲ್ಲ. ಯಾವ ಜಿಲ್ಲೆ ಯಾವ ವಿವಿಗೆ ಸೇರಿದ್ದು ಅನ್ನುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲೇ ಬರೆದಿದೆ. ಅದನ್ನು ಬದಲಿಸಲು ತಿದ್ದುಪಡಿ ಮಸೂದೆ ಬರಬೇಕು, ಎರಡೂ ಸದನ ಒಪ್ಪಬೇಕು, ರಾಜ್ಯಪಾಲರ ಸಹಿ ಬೀಳಬೇಕು. ಹಾಗಾಗಿ ಟಿವಿ ಚರ್ಚೆಗಿಂತ ಅಧಿವೇಶನದ ಮಸೂದೆ ಪಟ್ಟಿ ನೋಡುತ್ತಿರಿ. ಇಂಥ ತಿದ್ದುಪಡಿಯಲ್ಲಿ ಓದುತ್ತಿರುವ ಮಕ್ಕಳ ಗತಿ ಏನು ಅಂತ ಒಂದು ಕಲಂ ಇರುತ್ತದೆ. ಬೆಂಗಳೂರು ವಿವಿಯನ್ನು ಮೂರು ಭಾಗ ಮಾಡಿದಾಗಲೂ ಆಗಲೇ ಸೇರಿದ್ದ ಬ್ಯಾಚ್‌ಗಳು ಹಳೆ ವಿವಿಯಿಂದಲೇ ಕೋರ್ಸ್ ಮುಗಿಸಿದವು.

ಮಗಳಿಗೆ ಒಂದು ಕೆಲಸ ಹೇಳಿ. ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿ ವಿವಿಗಳ ಪ್ರವೇಶ-ಪರೀಕ್ಷೆಯ ಜಾಲತಾಣ ಯುಯುಸಿಎಂಎಸ್‌ನಲ್ಲಿ ಬಂದ ಕೂಡಲೇ ಇಳಿಸಿಕೊಂಡು ಡಿಜಿಲಾಕರ್‌ನಲ್ಲೂ ಬಂದಿದೆಯಾ ನೋಡಿಕೊಳ್ಳಲಿ. ಕೋರ್ಸ್ ಮುಗಿದ ಮೇಲೆ ಘಟಿಕೋತ್ಸವದ ಪ್ರಮಾಣಪತ್ರಕ್ಕೆ ತಡಮಾಡದೆ ಅರ್ಜಿ ಹಾಕಲಿ. ಆಡಳಿತ ಕೈ ಬದಲಾಗುವಾಗ ಪದವಿಗೆ ಏನೂ ಆಗಲ್ಲ, ಕಾಗದ ಮಾತ್ರ ಕಳೆದುಹೋಗುತ್ತದೆ.

ವಿವಿಗೆ ನಿಜವಾದ ಯಜಮಾನರು ಯಾರು? ರಾಜ್ಯಪಾಲರೋ, ಮಂತ್ರಿಯೋ, ಕುಲಪತಿಯೋ? ಜಿಲ್ಲೆಯ ಜನರಿಗೆ ಅಲ್ಲಿ ಯಾವ ಜಾಗವೂ ಇಲ್ಲವೇ?
*– ನಿವೃತ್ತ ಶಿಕ್ಷಕರು, ಹಾವೇರಿ*

ಒಳ್ಳೆ ಪ್ರಶ್ನೆ ಕೇಳಿದ್ದೀರಿ ಮೇಷ್ಟ್ರೇ. ಕಾಗದದ ಮೇಲೆ ರಾಜ್ಯಪಾಲರು ಕುಲಾಧಿಪತಿ, ಉನ್ನತ ಶಿಕ್ಷಣ ಸಚಿವರು ಸಮ ಕುಲಾಧಿಪತಿ. ದಿನದ ಆಡಳಿತ ಕುಲಪತಿಯದು. ಕುಲಪತಿಯ ಆಯ್ಕೆ ಹೇಗೆ ಅಂದರೆ, ನಾಲ್ವರ ಶೋಧನಾ ಸಮಿತಿ ಇರುತ್ತದೆ. ಕುಲಾಧಿಪತಿಗಳಿಂದ ಒಬ್ಬರು, ಯುಜಿಸಿಯಿಂದ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಬ್ಬರು, ಸರ್ಕಾರದಿಂದ ಒಬ್ಬರು, ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನಿಂದ ಒಬ್ಬರು. ಅವರು ಮೂರು ಹೆಸರು ಕೊಡುತ್ತಾರೆ. ಸರ್ಕಾರದ ಸಹಮತದೊಂದಿಗೆ ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ, ನಾಲ್ಕು ವರ್ಷಕ್ಕೆ. ರಾಜ್ಯಪಾಲರಿಗೂ ಸರ್ಕಾರಕ್ಕೂ ಸರಿ ಇಲ್ಲದಿದ್ದರೆ ಆ 'ಸಹಮತ' ಅನ್ನೋ ಪದದಲ್ಲೇ ಫೈಲು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಬರುವವರೇ ಪ್ರಭಾರ ಕುಲಪತಿ. ಪ್ರಭಾರದವರು ದೊಡ್ಡ ನಿರ್ಧಾರಕ್ಕೆ ಕೈ ಹಾಕುವುದಿಲ್ಲ. ದೊಡ್ಡ ವಿವಿ ಇದನ್ನು ತಡೆದುಕೊಳ್ಳುತ್ತದೆ. ನಿನ್ನೆ ಹುಟ್ಟಿದ ವಿವಿಗೆ ಒಂದು ವರ್ಷ ಪ್ರಭಾರದಲ್ಲಿ ಕಳೆದರೆ ಆ ಬ್ಯಾಚ್‌ನ ಓದೇ ಹಾಗೆ ಮುಗಿದುಹೋಗುತ್ತದೆ. 2025ರ ಜನವರಿಯಲ್ಲಿ ಯುಜಿಸಿ ತಂದ ಕರಡು ನಿಯಮಗಳಲ್ಲಿ ಶೋಧನಾ ಸಮಿತಿಯಿಂದ ರಾಜ್ಯ ಸರ್ಕಾರದ ಪ್ರತಿನಿಧಿಯನ್ನೇ ಕೈಬಿಟ್ಟಿದ್ದರು. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ವಿರೋಧಿಸಿದ್ದು ಅದಕ್ಕೇ. ಈ ಜಗಳದಲ್ಲಿ ಎರಡೂ ಕಡೆಯವರು 'ಸ್ವಾಯತ್ತತೆ' ಅಂತಲೇ ಕೂಗುತ್ತಾರೆ. ಹಾವೇರಿಯವರಿಗೆ ಏನು ಸಿಗುತ್ತದೆ ಅಂತ ಯಾರೂ ಕೇಳಲಿಲ್ಲ.

ಈಗ ನಿಮ್ಮ ಎರಡನೇ ಮಾತು. 1976ರ ಹಳೆ ಕಾಯ್ದೆಯಲ್ಲಿ ಸೆನೆಟ್ ಅಂತ ಒಂದು ದೊಡ್ಡ ಸಭೆ ಇತ್ತು. 2000ದ ಕಾಯ್ದೆಯಲ್ಲಿ ಅದು ಹೋಯಿತು. ಈಗ ಹಣ, ನೇಮಕ, ಕಟ್ಟಡ ಎಲ್ಲಕ್ಕೂ ಸಿಂಡಿಕೇಟೇ ದೊಡ್ಡದು. ಸರ್ಕಾರ ನಾಮನಿರ್ದೇಶನ ಮಾಡಿದವರು ಅಲ್ಲಿ ಕೂರುತ್ತಾರೆ. ಸರ್ಕಾರ ಬದಲಾದರೆ ಅವರೂ ಬದಲಾಗುತ್ತಾರೆ. ಅದರಲ್ಲಿ ಜಿಲ್ಲೆಯವರೇ ಇರಬೇಕು ಅಂತ ಎಲ್ಲೂ ಕಡ್ಡಾಯವಿಲ್ಲ. ನನ್ನ ದೃಷ್ಟಿಯಲ್ಲಿ ಚಿಕ್ಕ ವಿವಿಗಳ ಮೊದಲ ರೋಗ ಇದೇ. ಜಿಲ್ಲೆಯ ಹೆಸರು ಬೋರ್ಡಿನಲ್ಲಿದೆ, ಸಭೆಯಲ್ಲಿ ಇಲ್ಲ.

ಸಿಂಡಿಕೇಟ್ ಸಭೆ ಹೇಗೆ ನಡೆಯುತ್ತದೆ ಅಂತ ನೋಡದವರಿಗೆ ಹೇಳುತ್ತೇನೆ. ಎರಡು ದಿನ ಮುಂಚೆ ದಪ್ಪನೆಯ ಕಾರ್ಯಸೂಚಿ ಕೈಗೆ ಬರುತ್ತದೆ. ಮೊದಲು ಹಿಂದಿನ ಸಭೆಯ ನಡಾವಳಿ ದೃಢೀಕರಣ, ಆಮೇಲೆ ಹಿಂದಿನ ತೀರ್ಮಾನಗಳು ಎಷ್ಟು ಜಾರಿಯಾದವು ಅನ್ನುವ ಅನುಪಾಲನಾ ವರದಿ. ಕೊನೆಯಲ್ಲಿ 'ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು' ಅಂತ ಒಂದು ಸಾಲು. ಯಾವುದೋ ಕಾಲೇಜನ್ನು ವಿವಿಯಡಿ ಸೇರಿಸಿಕೊಳ್ಳುವ ಸಂಯೋಜನೆ, ಪೀಠೋಪಕರಣದ ಬಿಲ್ಲು, ತಾತ್ಕಾಲಿಕ ಸಿಬ್ಬಂದಿಯ ಮುಂದುವರಿಕೆ, ಎಲ್ಲ ಈ ಸಾಲಿನಲ್ಲೇ ನುಗ್ಗುತ್ತವೆ. ಆಗ ಊಟದ ಹೊತ್ತು ಆಗಿರುತ್ತದೆ. 'ಅನುಮೋದಿಸಲಾಗಿದೆ' ಅಂತ ಬರೆದುಕೊಂಡು ಎದ್ದುಬಿಡುತ್ತಾರೆ. ನಡಾವಳಿ ಓದುವುದಾದರೆ ಕೊನೆ ಪುಟದಿಂದ ಓದಿ.

ನೀವು ಓದಬಹುದು. ವಿವಿ ಸಾರ್ವಜನಿಕ ಪ್ರಾಧಿಕಾರ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಮಂಡಳಿಗಳ ವಿವರ, ಆಯವ್ಯಯ ಎಲ್ಲವನ್ನೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲವಾದರೆ ಅರ್ಜಿ ಹಾಕಿ. ನಿಮ್ಮಂಥ ನಿವೃತ್ತ ಮೇಷ್ಟ್ರು ಊರಲ್ಲಿ ನಾಲ್ಕು ಜನ ಸೇರಿ ವರ್ಷದ ನಡಾವಳಿ ಓದಿದರೂ ಆಡಳಿತ ಸ್ವಲ್ಪ ಎಚ್ಚರವಾಗುತ್ತದೆ. ಇನ್ನೊಂದು ಬಾಗಿಲೂ ಇದೆ. ವಿವಿಯ ವಾರ್ಷಿಕ ವರದಿ ಸದನದಲ್ಲಿ ಮಂಡನೆಯಾಗಬೇಕು. ಆದಾಗ ನಿಮ್ಮ ಶಾಸಕರಿಗೆ ಪ್ರಶ್ನೆ ಬರೆದು ಕೊಡಿ. ಬಾಯಲ್ಲಿ ಹೇಳಿದರೆ ಮರೆತುಬಿಡುತ್ತಾರೆ.

ನಮ್ಮ ವಿವಿಯಲ್ಲಿ ಪಾಠ ಮಾಡೋರು ಬಹುತೇಕ ಅತಿಥಿ ಉಪನ್ಯಾಸಕರು. ದುಡ್ಡಿಲ್ಲ ಅಂತಾರೆ. ನಾವು ಕಟ್ಟೋ ಫೀಸು ಎಲ್ಲಿಗೆ ಹೋಗುತ್ತೆ ಸರ್?
*– ವಿದ್ಯಾರ್ಥಿ, ಕೊಪ್ಪಳ*

ನಿಮ್ಮ ಅತಿಥಿ ಉಪನ್ಯಾಸಕರ ಗೌರವಧನಕ್ಕೇ ಅದರಲ್ಲಿ ದೊಡ್ಡ ಪಾಲು ಹೋಗುತ್ತದೆ. ಒಂದು ಲೆಕ್ಕ ಹಾಕೋಣ. ಹೊಸ ವಿವಿಗಳಿಗೆ ಆರಂಭದಲ್ಲಿ ಕೊಟ್ಟದ್ದು ತಲಾ 2 ಕೋಟಿ ರೂಪಾಯಿ. ಯುಜಿಸಿ ಏಳನೇ ವೇತನದಲ್ಲಿ ಪ್ರೊಫೆಸರ್ ಒಬ್ಬರ ಆರಂಭದ ಮೂಲ ವೇತನ ತಿಂಗಳಿಗೆ 1,44,200. ತುಟ್ಟಿಭತ್ಯೆ ಬಿಟ್ಟು ಲೆಕ್ಕ ಹಾಕಿದರೂ ಆ 2 ಕೋಟಿಯಲ್ಲಿ ಒಂದು ವರ್ಷಕ್ಕೆ 11 ಜನರ ಸಂಬಳ ಆಗುತ್ತದೆ. ಮಿಕ್ಕಿದ್ದು 10 ಲಕ್ಷವೂ ಇಲ್ಲ. ಅದರಲ್ಲೇ ಕರೆಂಟು, ಪರೀಕ್ಷೆ, ಲ್ಯಾಬು, ಲೈಬ್ರರಿ.

ಹಾಗಾದರೆ ವಿವಿ ಬದುಕುವುದು ಯಾವುದರಿಂದ? ಪರೀಕ್ಷಾ ಶುಲ್ಕ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ. ಕಾಲೇಜು ಜಾಸ್ತಿ ಇದ್ದ ವಿವಿ ಉಳಿಯುತ್ತದೆ, ಕಡಿಮೆ ಇದ್ದದ್ದು ಒದ್ದಾಡುತ್ತದೆ. ಬೀದರ್ ಉಳಿಯಲಿ ಅಂದದ್ದರ ಹಿಂದೆಯೂ ಅಲ್ಲಿನ ಕಾಲೇಜುಗಳ ಸಂಖ್ಯೆ ಇತ್ತು. ಹಳೆ ವಿವಿಗಳ ಗೋಳು ಬೇರೆಯೇ. ಅಣ್ಣತಮ್ಮಂದಿರ ಪಾಲಿನಲ್ಲಿ ಗದ್ದೆ ಕಿರಿಯನಿಗೆ, ಸಾಲ ಹಿರಿಯನಿಗೆ ಅಂದ ಹಾಗೆ, ಶುಲ್ಕ ತರುವ ಕಾಲೇಜು ಹೊಸ ವಿವಿಗೆ ಹೋಯಿತು, ಪಿಂಚಣಿಯ ಹೊರೆ ಹಳೆ ವಿವಿಯಲ್ಲೇ ಉಳಿಯಿತು. ಕೊನೆಗೆ ಇಬ್ಬರ ಕೈಯೂ ಬರಿದು.

ಕಾಯಂ ಅಧ್ಯಾಪಕರು ಇಲ್ಲದ್ದರಿಂದ ಇನ್ನೊಂದು ತೊಂದರೆ. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ. ಗೈಡ್ ಆಗಲು ಕಾಯಂ ಅಧ್ಯಾಪಕರೇ ಬೇಕು. ಗೈಡ್ ಇಲ್ಲ, ಹಾಗಾಗಿ ಸಂಶೋಧನೆ ಇಲ್ಲ. ಸಂಶೋಧನೆ ಇಲ್ಲದ ಕಡೆ ಹೊರಗಿನ ಪ್ರಾಜೆಕ್ಟ್ ದುಡ್ಡೂ ಬರಲ್ಲ. ಯುಜಿಸಿಯ 12(ಬಿ) ಮಾನ್ಯತೆ ಇಲ್ಲದೆ ಅಲ್ಲಿನ ಅನುದಾನವೂ ಇಲ್ಲ. ಆಮೇಲೆ 'ಈ ವಿವಿಗಳಲ್ಲಿ ಏನೂ ನಡೆಯುತ್ತಿಲ್ಲ, ಮುಚ್ಚೋಣ' ಅಂತಾರೆ. ದುಡ್ಡು ಕೊಡದೆ ನಡೆಸಿ, ನಡೆಯಲಿಲ್ಲ ಅಂತ ಮುಚ್ಚುವುದು ನ್ಯಾಯ ಅಲ್ಲ. ಹಾಗಂತ ಜಿಲ್ಲೆಗೊಂದು ವಿವಿ ಘೋಷಿಸಿ ಎರಡು ಕೋಟಿ ಕೊಟ್ಟು ಕೈತೊಳೆದುಕೊಂಡದ್ದೂ ನ್ಯಾಯ ಅಲ್ಲ.

ಉತ್ತರ ಪತ್ರಿಕೆ ತೋರಿಸಿ ಅಂದರೆ ಮರುಮೌಲ್ಯಮಾಪನಕ್ಕೆ ಹಾಕು ಅಂತಾರೆ. ನೋಡುವ ಹಕ್ಕು ಇಲ್ವಾ?
*– ಬಿ.ಕಾಂ. ವಿದ್ಯಾರ್ಥಿನಿ, ಕೊಳ್ಳೇಗಾಲ*

ಇದೆ. ಮೌಲ್ಯಮಾಪನ ಆದ ನಿಮ್ಮದೇ ಉತ್ತರ ಪತ್ರಿಕೆ ನೋಡುವುದು ನಿಮ್ಮ ಮಾಹಿತಿ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ವಿವಿಯ ಮಾಹಿತಿ ಅಧಿಕಾರಿಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ ಕಳಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ತಡಮಾಡಬೇಡಿ, ಉತ್ತರ ಪತ್ರಿಕೆಗಳನ್ನು ಸ್ವಲ್ಪ ಕಾಲ ಮಾತ್ರ ಇಟ್ಟುಕೊಳ್ಳುತ್ತಾರೆ. ಮರುಮೌಲ್ಯಮಾಪನಕ್ಕೆ ಕೊನೆ ದಿನಾಂಕ ಬೇರೆ ಇರುತ್ತದೆ, ಅದನ್ನೂ ತಪ್ಪಿಸಿಕೊಳ್ಳಬೇಡಿ.

ನಾವು ಕಾಫಿ ಬೆಳೆಗಾರರು. ಚಿಕ್ಕಅಳುವಾರದಲ್ಲಿ ಕೊಡಗು ವಿವಿ ಆಯ್ತು ಅಂತ ಖುಷಿಪಟ್ಟೆವು. ನಮಗೆ ಇದರಿಂದ ಏನು ಉಪಯೋಗ? ಕಾಂಡಕೊರಕ ಹುಳುವಿನ ಬಗ್ಗೆ ಕೇಳಿದರೆ ಅಲ್ಲಿ ಯಾರಿಗೂ ಗೊತ್ತಿಲ್ಲ.
*– ಓದುಗರು, ಸೋಮವಾರಪೇಟೆ*

ಕಾಂಡಕೊರಕಕ್ಕೆ ಅಲ್ಲಿ ಉತ್ತರ ಸಿಗಲ್ಲ, ಸಿಗಬೇಕಾಗಿಯೂ ಇಲ್ಲ. ಅದಕ್ಕೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಇದೆ, ನಿಮ್ಮ ಹತ್ತಿರದ ಚೆಟ್ಟಳ್ಳಿಯಲ್ಲೇ ಅದರ ಉಪಕೇಂದ್ರ ಇದೆ. ಕಾಡಿನ ವಿಷಯಕ್ಕೆ ಪೊನ್ನಂಪೇಟೆಯ ಅರಣ್ಯ ಕಾಲೇಜು. ಸಾಮಾನ್ಯ ವಿವಿಯ ಕೆಲಸ ಬೇರೆ.

ಮೊದಲ ಉಪಯೋಗ ದೂರ ಕಡಿಮೆ ಆದದ್ದು. ಈ ಕ್ಯಾಂಪಸ್ ಮೊದಲು ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರ, 'ಜ್ಞಾನ ಕಾವೇರಿ'. ಆಗ ಆಡಳಿತದ ಏನೇ ಕೆಲಸ ಇದ್ದರೂ ಘಟ್ಟ ಇಳಿದು ಆ ವಿವಿಯ ಮುಖ್ಯ ಕ್ಯಾಂಪಸ್ ಇರುವ ಕೊಣಾಜೆಗೆ ಹೋಗಬೇಕಿತ್ತು. ಒಂದು ಮೈಗ್ರೇಷನ್ ಸರ್ಟಿಫಿಕೇಟಿಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಊಟ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಂಗಳೂರಿಗೆ ಹೋಗುವ ಸಂಪಾಜೆ ರಸ್ತೆಯೇ ಬಂದ್ ಆಗಿದ್ದು ನಿಮಗೆ ನೆನಪಿರಬೇಕು. ಹುಡುಗಿಯರನ್ನು ಮುಂದೆ ಓದಿಸುವ ವಿಷಯದಲ್ಲಿ ಈ ದೂರವೇ ಎಷ್ಟೋ ಮನೆಯಲ್ಲಿ ಕೊನೆಯ ಮಾತಾಗುತ್ತದೆ. ಮುಚ್ಚಬೇಕು ಅನ್ನುವವರು ಲೆಕ್ಕ ಹಾಕುವಾಗ ಈ ಖರ್ಚನ್ನು ಹಿಡಿಯುವುದಿಲ್ಲ, ಏಕೆಂದರೆ ಅದು ಸರ್ಕಾರದ ಖರ್ಚಲ್ಲ.

ಎರಡನೆಯದು, ಜಿಲ್ಲೆ ತನ್ನ ಬಗ್ಗೆ ತಾನೇ ತಿಳಿದುಕೊಳ್ಳುವುದು. ಸ್ನಾತಕೋತ್ತರ ಮಕ್ಕಳು ಕೊನೆ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಮಾಡಬೇಕು. ಬಹಳಷ್ಟು ಕಡೆ ಅದು ಇಂಟರ್ನೆಟ್‌ನಿಂದ ಎತ್ತಿ ಸ್ಪೈರಲ್ ಬೈಂಡಿಂಗ್ ಮಾಡಿಸಿದ ಎಪ್ಪತ್ತು ಪುಟ. ಅದನ್ನೇ ನೀವು ಬಳಸಿಕೊಳ್ಳಿ. ನಿಮ್ಮ ಬೆಳೆಗಾರರ ಸಂಘದಿಂದ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಬರೆಯಿರಿ. ನಮ್ಮ ಹೋಬಳಿಯಲ್ಲಿ ಆನೆಯಿಂದ ಆದ ಬೆಳೆ ಹಾನಿಗೆ ಪರಿಹಾರ ಎಷ್ಟು ದಿನಕ್ಕೆ ಬಂತು, ಭೂಕುಸಿತದಲ್ಲಿ ಮನೆ ಕಳೆದುಕೊಂಡು ಪುನರ್ವಸತಿ ಬಡಾವಣೆಗೆ ಹೋದವರು ಈಗ ಏನು ಕೆಲಸ ಮಾಡುತ್ತಿದ್ದಾರೆ, ಲೈನ್‌ಮನೆಯ (ತೋಟದ ಕೂಲಿಕಾರರ ಸಾಲುಮನೆ) ಮಕ್ಕಳು ಎಷ್ಟನೇ ತರಗತಿಗೆ ಶಾಲೆ ಬಿಡುತ್ತಾರೆ. ಇಂಥ ಪ್ರಶ್ನೆ ಕೊಟ್ಟು, ಊಟ-ವಸತಿ ನಮ್ಮದು ಅನ್ನಿ. ಬೆಂಗಳೂರಿನಿಂದ ಯಾರೂ ಬಂದು ಇದನ್ನು ಎಣಿಸಿ ಹೋಗಲ್ಲ. ಮಡಿಕೇರಿ ಕಾಲೇಜಿನಲ್ಲಿ ಕೊಡವ ಭಾಷೆಯ ಎಂ.ಎ. ಶುರುವಾದದ್ದೂ ಇಂಥದ್ದೇ ಒತ್ತಾಸೆಯಿಂದ. ಜಿಲ್ಲೆಯವರು ಕೇಳದಿದ್ದರೆ ಅಂಥ ಕೋರ್ಸು ತಾನಾಗಿ ಬರುವುದಿಲ್ಲ.

ಹಿಂದೆ ಮೈಸೂರು ವಿವಿಯವರು ಪ್ರಚಾರೋಪನ್ಯಾಸ ಮಾಲೆ ಅಂತ ನಡೆಸುತ್ತಿದ್ದರು. ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುವುದು, ಅದನ್ನೇ ಚಿಕ್ಕ ಪುಸ್ತಕ ಮಾಡಿ ಕೆಲವೇ ಕಾಸಿಗೆ ಮಾರುವುದು. ಪುಸ್ತಕ ಪ್ರಕಟಿಸುವ ಈಗಿನ ವಿವಿಗಳ ಪ್ರಸಾರಾಂಗಗಳು ಗೋದಾಮಾಗಿವೆ. ನಿಮ್ಮ ಸಂಘದ ಸಭೆಗೆ ಒಬ್ಬ ಅಧ್ಯಾಪಕರನ್ನು ಕರೆಯಿರಿ, ಹಾರ-ಶಾಲು ಬೇಡ, ಒಂದು ಗಂಟೆ ಲೆಕ್ಕಪತ್ರದ ಬಗ್ಗೆಯೋ ಮಣ್ಣಿನ ಬಗ್ಗೆಯೋ ಮಾತಾಡಲಿ.

ನಾನು ಟೆಕ್ಸಾಸ್‌ನಲ್ಲಿದ್ದೇನೆ, ಊರು ಜಮಖಂಡಿ. ಅಪ್ಪನ ಹೆಸರಲ್ಲಿ ಬಾಗಲಕೋಟೆ ವಿವಿಗೆ ಚಿನ್ನದ ಪದಕ ಇಡಬೇಕು ಅಂತ ಆಸೆ. ಹೇಗೆ?
*– ಅನಿವಾಸಿ ಓದುಗರು*

ನಿಮ್ಮದೇ ಊರಲ್ಲಿ ಕ್ಯಾಂಪಸ್ ಇರುವುದರಿಂದ ಆಸೆ ಸಹಜ. ಆದರೆ ಪದಕ ಬೇಡ ಅಂತೀನಿ. ಘಟಿಕೋತ್ಸವದಲ್ಲಿ ಒಬ್ಬಳೇ ಹುಡುಗಿ ಎಂಟು ಪದಕ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾಳೆ. ಎಷ್ಟೋ ಕಡೆ ಅವು ಚಿನ್ನದ ಲೇಪದವು. ಮೊದಲ ರ‍್ಯಾಂಕಿನವಳು ಹೇಗೋ ಮುಂದೆ ಹೋಗುತ್ತಾಳೆ. ಬಸ್ ತಪ್ಪಿದರೆ ಕ್ಲಾಸೇ ತಪ್ಪುವ ಮಕ್ಕಳು ಅವಳಿಗಿಂತ ಹತ್ತು ಪಟ್ಟು ಜಾಸ್ತಿ ಇದ್ದಾರೆ.

ಅದೇ ಹಣವನ್ನು ದತ್ತಿನಿಧಿಯಾಗಿ ಇಟ್ಟು, ಬಡ್ಡಿಯಲ್ಲಿ ಹಾಸ್ಟೆಲ್ ಮೆಸ್ ಬಿಲ್ಲು, ಪರೀಕ್ಷಾ ಶುಲ್ಕ ಅಥವಾ ಬಸ್ ಪಾಸು ಅಂತ ಬರೆಸಿ. ಅಪ್ಪನ ಹೆಸರು ಅದಕ್ಕೂ ಇಡಬಹುದು. ಒಪ್ಪಂದ ಪತ್ರದಲ್ಲಿ ಮೂರು ಸಾಲು ಇರಲಿ. ಅಸಲು ಮುಟ್ಟುವ ಹಾಗಿಲ್ಲ. ಪ್ರತಿ ವರ್ಷ ಯಾರಿಗೆ ಎಷ್ಟು ಕೊಟ್ಟರು ಅಂತ ನಿಮಗೆ ಬರೆದು ತಿಳಿಸಬೇಕು. ವಿವಿ ಬೇರೆ ವಿವಿಯಲ್ಲಿ ವಿಲೀನವಾದರೆ ನಿಧಿ ಅದೇ ಕ್ಯಾಂಪಸ್ಸಿನ ಮಕ್ಕಳಿಗೇ ಸಿಗಬೇಕು. ಈ ಮೂರನೇ ಸಾಲು ಈಗಿನ ಪರಿಸ್ಥಿತಿಯಲ್ಲಿ ಬಹಳ ಮುಖ್ಯ.

ಹಣ ಕಳಿಸುವ ಮುಂಚೆ ಒಂದು ವಿಷಯ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ ತೊಡಕು ಕಡಿಮೆ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ ವಿದೇಶಿ ದೇಣಿಗೆಯ ನಿಯಮ ಅಡ್ಡ ಬರಬಹುದು. ವಿವಿಯ ಹಣಕಾಸು ಅಧಿಕಾರಿಗೆ ಇಮೇಲ್ ಮಾಡಿ, ಇಂಥ ದೇಣಿಗೆ ಪಡೆಯಲು ಅನುಮತಿ ಇದೆಯಾ, ಯಾವ ಖಾತೆಗೆ ಕಳಿಸಬೇಕು ಅಂತ ಲಿಖಿತ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ 'ಕಳಿಸಿ ಸರ್, ನೋಡ್ಕೋತೀವಿ' ಅಂದರೆ ಕಳಿಸಬೇಡಿ.