ತಲೆಸುತ್ತಿಗೆ ಒಳಕಿವಿ ಆಪರೇಷನ್: ಮಾಡಿಸಿಕೊಳ್ಳಬೇಕಾ, ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ, ನನಗೆ 47 ವರ್ಷ, ತೀರ್ಥಹಳ್ಳಿ ಕಡೆ ಪ್ರೈಮರಿ ಸ್ಕೂಲ್ ಟೀಚರ್. ನಾಲ್ಕು ವರ್ಷದಿಂದ ತಲೆಸುತ್ತು. ಮೊದಲು ಬಲಗಿವಿ ಮುಚ್ಚಿಕೊಂಡಂತೆ ಆಗುತ್ತದೆ, ಗುಂಯ್ ಅನ್ನೋ ಸದ್ದು ಜೋರಾಗುತ್ತದೆ, ಆಮೇಲೆ ಇಡೀ ಮನೆ ತಿರುಗೋಕೆ ಶುರು. ಎರಡು ಮೂರು ಗಂಟೆ ವಾಂತಿ. ತಿಂಗಳಿಗೆ ನಾಲ್ಕೈದು ಸಲ ಹೀಗೆ. ಮೊದಲು ಪಿತ್ತ ಅಂದರು, ಆಮೇಲೆ ಕುತ್ತಿಗೆ ಸವೆತ ಅಂತ ಪಟ್ಟಿ ಹಾಕಿದರು. ಕೊನೆಗೆ ಇಎನ್‌ಟಿಯವರು ಮೆನಿಯರ್ಸ್ ಅಂದರು. ಬೀಟಾಹಿಸ್ಟಿನ್ ಮಾತ್ರೆ ಎರಡು ವರ್ಷ ನುಂಗಿದೆ, ಕಿವಿಯೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಆಯಿತು. ಈ ಆರು ತಿಂಗಳಲ್ಲಿ ಎರಡು ಸಲ, ಸುತ್ತೂ ಇಲ್ಲದೆ, ಯಾರೋ ಹಿಂದಿನಿಂದ ತಳ್ಳಿದ ಹಾಗೆ ದಬಕ್ಕನೆ ಬಿದ್ದೆ. ಒಂದು ಸಲ ಪ್ರಾರ್ಥನೆ ಹೊತ್ತಲ್ಲಿ ಮಕ್ಕಳ ಮುಂದೆ, ಇನ್ನೊಂದು ಸಲ ಬಚ್ಚಲ ಒಲೆ ಹತ್ತಿರ. ಈಗ ‘ಆಪರೇಷನ್ ಮಾಡಿಸಿಬಿಡಿ’ ಅನ್ನುತ್ತಿದ್ದಾರೆ. ಚಂದ್ರನ ಮೇಲೆ ಹೋದವರೊಬ್ಬರಿಗೆ ಇದೇ ಆಪರೇಷನ್‌ನಿಂದ ವಾಸಿಯಾಯಿತು ಅಂತ ಮಗ ವಾಟ್ಸಾಪ್‌ನಲ್ಲಿ ಬಂದದ್ದನ್ನು ತೋರಿಸಿದ. ನಮ್ಮ ಮನೆಯವರಿಗೆ ಭಯ. ನನಗೂ. ಏನು ಮಾಡಲಿ? ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆಯ ವರದಿ) ಜೊತೆಗಿಟ್ಟಿದ್ದೇನೆ. ಪಿತ್ತ ಅಂದಿದ್ದರಲ್ಲ, ಅದಕ್ಕೆ ದಿನಾ ಉಪ್ಪು ಹಾಕಿ ಲಿಂಬೆ ಪಾನಕ ಕುಡಿಯುತ್ತಿದ್ದೇನೆ.

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ವಾಂತಿಯೂ ಅಲ್ಲ, ಸುತ್ತೂ ಅಲ್ಲ. ಆ ಬಚ್ಚಲ ಒಲೆ. ಎಚ್ಚರ ತಪ್ಪದೆ, ಸೂಚನೆಯೇ ಇಲ್ಲದೆ ಹಾಗೆ ಬೀಳುವುದಕ್ಕೆ ಟುಮಾರ್ಕಿನ್ ಅಟ್ಯಾಕ್ ಅನ್ನುತ್ತೇವೆ. ಬೀಳುವಿಕೆಗೆ ಬೇರೆ ಕಾರಣ ಇಲ್ಲ ಅಂತ ಹೃದಯದ್ದು, ನರದ್ದು ಒಮ್ಮೆ ನೋಡಿಸಿಕೊಳ್ಳಿ, ಆದರೆ ನಿಮ್ಮ ಕಥೆಗೆ ಇದೇ ಹೊಂದುತ್ತದೆ. ಇದು ಶುರುವಾದ ಮೇಲೆ ‘ಇನ್ನೊಂದು ವರ್ಷ ಮಾತ್ರೆ ನುಂಗಿ ನೋಡೋಣ’ ಅಂತ ನಾನು ಹೇಳುವುದಿಲ್ಲ. ಹಾಗಂತ ನಾಳೆಯೇ ಹೋಗಿ ಆಪರೇಷನ್ ಟೇಬಲ್ ಮೇಲೆ ಮಲಗಿ ಅಂತಲೂ ಹೇಳುವುದಿಲ್ಲ. ನಡುವೆ ಒಂದು ಮೆಟ್ಟಿಲಿದೆ, ಅದನ್ನು ನಿಮಗೆ ಹತ್ತಿಸಿಯೇ ಇಲ್ಲ.

ಮೊದಲು ಕಾಯಿಲೆ ಏನು ಅಂತ ನೋಡೋಣ. ಒಳಕಿವಿಯಲ್ಲಿ ತೆಳು ಪೊರೆಯ ಕೊಳವೆಗಳಿವೆ, ಅದರೊಳಗೆ ನೀರು. ಮೇಸ್ತ್ರಿ ಗೋಡೆಗೆ ರಸಮಟ್ಟ ಇಟ್ಟು ನೋಡ್ತಾನಲ್ಲ, ಹೆಚ್ಚುಕಮ್ಮಿ ಅಂಥದ್ದೇ ಕೆಲಸ. ಮೆನಿಯರ್ಸ್‌ನಲ್ಲಿ ಆ ನೀರು ಜಾಸ್ತಿಯಾಗಿ ಪೊರೆ ಉಬ್ಬುತ್ತದೆ, ಮಟ್ಟ ತಪ್ಪುತ್ತದೆ. ಕೇಳುವ ಭಾಗವೂ ಅದೇ ಪೊರೆಗೆ ಅಂಟಿಕೊಂಡಿರುವುದರಿಂದ ಕಿವುಡು, ಗುಂಯ್ ಸದ್ದು ಜೊತೆಗೇ ಬರುತ್ತವೆ. ಇಂಥ ತಲೆಸುತ್ತು ಮೆದುಳಿನದ್ದಲ್ಲ, ಒಳಕಿವಿಯದ್ದು ಅಂತ ಪ್ಯಾರಿಸ್‌ನ ಪ್ರಾಸ್ಪರ್ ಮೆನಿಯರ್ 1861ರಲ್ಲೇ ಹೇಳಿದ್ದರು. ನಾವಿನ್ನೂ ಕುತ್ತಿಗೆಗೆ ಪಟ್ಟಿ ಹಾಕುತ್ತಲೇ ಇದ್ದೇವೆ!

ಈಗ ಮುಖ್ಯ ಮಾತು. ಎರಡು ಕಿವಿ ಅಂದರೆ ಗಾಡಿಗೆ ಕಟ್ಟಿದ ಜೋಡೆತ್ತು. ಒಂದೆತ್ತು ಇಲ್ಲವೇ ಇಲ್ಲ ಅಂದರೆ ಮೆದುಳು ಒಂಟೆತ್ತಿನ ಗಾಡಿ ಹೊಡೆಯೋದನ್ನು ಕಲಿತುಕೊಳ್ಳುತ್ತದೆ. ಆದರೆ ಆ ಎತ್ತು ಇವತ್ತು ನೆಟ್ಟಗೆ ನಡೆದು, ನಾಳೆ ಗದ್ದೆಗೆ ನುಗ್ಗಿ, ನಾಡಿದ್ದು ಮತ್ತೆ ಸಾಧುವಾದರೆ ಎಂಥ ಗಾಡಿಯವನಿಗೂ ಆಗುವುದಿಲ್ಲ. ನಿಮ್ಮ ಬಲಗಿವಿ ಅಂಥ ಎತ್ತು. ಆಗಾಗ ಕೆಡುವ ಕಿವಿಗಿಂತ ಪೂರ್ತಿ ಸುಮ್ಮನಾದ ಕಿವಿ ಮೆದುಳಿಗೆ ಸುಲಭ. ಈ ಕಾಯಿಲೆಯ ದೊಡ್ಡ ಆಪರೇಷನ್‌ಗಳೆಲ್ಲ ಕಿವಿಯನ್ನು ರಿಪೇರಿ ಮಾಡುವುದಿಲ್ಲ, ಸುಮ್ಮನಾಗಿಸುತ್ತವೆ. ಅದಕ್ಕೇ ‘ಆಪರೇಷನ್ ಬೇಕಾ’ ಅಂತ ಕೇಳುವ ಮೊದಲು ‘ಯಾವ ಆಪರೇಷನ್’ ಅಂತ ಕೇಳಿ. ನಿಮ್ಮ ಪತ್ರದಲ್ಲಿ ಅದರ ಹೆಸರೇ ಇಲ್ಲ. ನಿಮಗೆ ಹೇಳಿಲ್ಲವೋ, ನೀವು ಕೇಳಿಲ್ಲವೋ?

ಮಗ ತೋರಿಸಿದ ಕಥೆ ಸುಳ್ಳಲ್ಲ. ಅಮೆರಿಕದ ಗಗನಯಾತ್ರಿ ಅಲನ್ ಶೆಪರ್ಡ್‌ಗೆ ಇದೇ ಕಾಯಿಲೆ ಬಂದು ಹಾರಾಟ ನಿಂತುಹೋಗಿತ್ತು. 1968ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡಾ. ವಿಲಿಯಂ ಹೌಸ್ ಕೈಯಲ್ಲಿ, ಬೇರೆ ಹೆಸರು ಕೊಟ್ಟು ಗುಟ್ಟಾಗಿ ಆಪರೇಷನ್ ಮಾಡಿಸಿಕೊಂಡರು. 1971ರಲ್ಲಿ ಅಪೊಲೊ 14ರಲ್ಲಿ ಚಂದ್ರನ ಮೇಲೆ ಇಳಿದು ಗಾಲ್ಫ್ ಚೆಂಡೂ ಹೊಡೆದರು. ಆಗ ಅವರಿಗೆ ನಿಮ್ಮದೇ ವಯಸ್ಸು, 47. ಅದು ಒಳಕಿವಿಯ ನೀರಿನ ಚೀಲಕ್ಕೆ ದಾರಿ ಮಾಡಿಕೊಡುವ ಆಪರೇಷನ್, ಕಿವಿಯನ್ನು ಕೊಲ್ಲುವಂಥದ್ದಲ್ಲ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ 1981ರಲ್ಲಿ ಡೆನ್ಮಾರ್ಕ್‌ನವರು ಒಂದು ಪರೀಕ್ಷೆ ಮಾಡಿದರು. 30 ಜನರಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಚೀಲದ ಆಪರೇಷನ್, ಉಳಿದವರಿಗೆ ಚೀಲ ಮುಟ್ಟದೆ ಕಿವಿ ಹಿಂದಿನ ಮೂಳೆ ಮಾತ್ರ ಕೊರೆದು ಹೊಲಿಗೆ. ಎರಡೂ ಗುಂಪಿನಲ್ಲಿ ಹೆಚ್ಚಿನವರು ಸುಧಾರಿಸಿದರು! ಆ ಲೆಕ್ಕ ಸರಿಯಿಲ್ಲ ಅಂತ ವಾದ ಮಾಡುವವರು ಇದ್ದಾರೆ, ಇವತ್ತಿಗೂ ಈ ಆಪರೇಷನ್ ನಡೆಯುತ್ತದೆ. ಮೆನಿಯರ್ಸ್ ತಾನಾಗಿಯೇ ಏರಿ ಇಳಿಯುವ ಕಾಯಿಲೆ. ತುಂಬಾ ಏರಿದಾಗ ಏನು ಮಾಡಿದರೂ ಮುಂದೆ ಇಳಿಯುವ ಸಾಧ್ಯತೆ ಇದ್ದೇ ಇರುತ್ತದೆ. ನೀವು ದಬಕ್ಕನೆ ಬೀಳುತ್ತಿರುವುದರಿಂದ ನಿಮಗೆ ಇದನ್ನು ನಾನು ಸೂಚಿಸುವುದಿಲ್ಲ.

ಬೀಟಾಹಿಸ್ಟಿನ್ ಕಥೆಯೂ ಇಷ್ಟೇ. ಜರ್ಮನಿಯಲ್ಲಿ 221 ಜನರ ಮೇಲೆ ಒಂಬತ್ತು ತಿಂಗಳು ನೋಡಿ 2016ರಲ್ಲಿ ಪ್ರಕಟಿಸಿದರು; ಸಕ್ಕರೆ ಗುಳಿಗೆಯಂಥ ಸುಮ್ನೆ ಮಾತ್ರೆಗಿಂತ ಇದು ಹೆಚ್ಚೇನೂ ಮಾಡಲಿಲ್ಲ. ನಾನೂ ಬರೆದುಕೊಡುತ್ತೇನೆ, ಸುಳ್ಳು ಹೇಳಲ್ಲ. ಆದರೆ ‘ಮಾತ್ರೆ ಸೋತಿತು, ಆದ್ದರಿಂದ ಆಪರೇಷನ್’ ಅನ್ನುವ ಲೆಕ್ಕ ಸರಿಯಲ್ಲ.

ನಡುವಿನ ಮೆಟ್ಟಿಲು ಅಂದೆನಲ್ಲ, ಅದು ಕಿವಿತಮಟೆಯ ಮೂಲಕ ಕೊಡುವ ಇಂಜೆಕ್ಷನ್. ಒಂದು ಸ್ಟೀರಾಯ್ಡ್ ಡೋಸ್ ಕೊಟ್ಟು ಕೈಬಿಟ್ಟರೆ ಸ್ಟೀರಾಯ್ಡ್ ಕೆಲಸ ಮಾಡಲಿಲ್ಲ ಅಂತ ಹೇಳೋಕಾಗಲ್ಲ. ಅದರಾಚೆ ಜೆಂಟಾಮೈಸಿನ್ ಇದೆ. ಹಳೇ ಆಂಟಿಬಯೋಟಿಕ್. ಬೇರೆ ಕಾಯಿಲೆಗೆ ಕೊಡುವಾಗ ಕಿವಿಗೆ ವಿಷವಾದೀತು ಅಂತ ಹೆದರಿ ಕೊಡುತ್ತೇವೆ. ಇಲ್ಲಿ ಆ ವಿಷವೇ ಬೇಕು, ಏಕೆಂದರೆ ಅದು ಮೊದಲು ಕೊಲ್ಲುವುದು ಸಮತೋಲದ ಜೀವಕೋಶಗಳನ್ನು. ತಮಟೆ ಮರಗಟ್ಟಿಸಿ ಸಣ್ಣ ಸೂಜಿಯಲ್ಲಿ ಕೆಲವು ಹನಿ ಬಿಡುತ್ತಾರೆ. ಆಮೇಲೆ ಆ ಕಿವಿ ಮೇಲೆ ಮಾಡಿ ಅರ್ಧ ಗಂಟೆ ಮಲಗಬೇಕು, ಮಾತಾಡಬಾರದು, ಉಗುಳೂ ನುಂಗಬಾರದು. ನುಂಗಿದರೆ ಔಷಧಿ ಗಂಟಲಿಗೆ ಇಳಿದುಹೋಗುತ್ತದೆ. ಅದಕ್ಕೆ ಕೈಗೊಂದು ಬಟ್ಟೆ ಕೊಟ್ಟಿರುತ್ತೇವೆ. ಸುಮಾರು ಒಂದು ವಾರಕ್ಕೆ ತೂರಾಟ ಶುರುವಾಗುತ್ತದೆ, ಗಾಬರಿಯಾಗಬೇಡಿ, ಔಷಧಿ ಹಿಡಿದಿದೆ ಅಂತ ಅರ್ಥ. ಸಾಮಾನ್ಯವಾಗಿ ಹತ್ತರಲ್ಲಿ ಎಂಟು ಒಂಬತ್ತು ಜನರಿಗೆ ಸುತ್ತು ಹತೋಟಿಗೆ ಬರುತ್ತದೆ. ಕೆಲವರಿಗೆ ಆ ಕಿವಿಯ ಕೇಳುವಿಕೆ ಇನ್ನಷ್ಟು ಕುಂದುತ್ತದೆ, ಅದು ಇದರ ಬೆಲೆ.

ಇದೂ ಸೋತರೆ ಆಗ ಲ್ಯಾಬಿರಿಂಥೆಕ್ಟಮಿ. ಕಿವಿ ಹಿಂದಿನ ಮೂಳೆ ಕೊರೆದು ಮೂರು ಅರ್ಧವೃತ್ತ ಕೊಳವೆ, ಅದರ ಮಧ್ಯದ ಕೋಣೆ ಎಲ್ಲ ತೆರೆದು ಸಮತೋಲದ ನರದ ತುದಿಗಳನ್ನು ತೆಗೆಯುತ್ತಾರೆ. ಸುತ್ತು ನಿಲ್ಲುವುದು ಹೆಚ್ಚುಕಮ್ಮಿ ಖಚಿತ. ಆ ಕಿವಿ ಪೂರ್ತಿ ಕಿವುಡಾಗುವುದೂ ಅಷ್ಟೇ ಖಚಿತ. ಕೇಳುವಿಕೆ ಚೆನ್ನಾಗಿದ್ದು ಅದನ್ನು ಉಳಿಸಬೇಕಾದವರಿಗೆ ಸಮತೋಲದ ನರವನ್ನಷ್ಟೇ ಕತ್ತರಿಸುವ ಇನ್ನೊಂದು ಆಪರೇಷನ್ ಇದೆ, ಆದರೆ ಅದಕ್ಕೆ ತಲೆಬುರುಡೆ ತೆರೆಯಬೇಕು, ಮೆದುಳಿನ ನೀರು ಸೋರುವ, ಮುಖದ ನರಕ್ಕೆ ಪೆಟ್ಟಾಗುವ ಅಪಾಯ ಇರುತ್ತದೆ. ನಿಮ್ಮ ಆಡಿಯೋಗ್ರಾಂ ನೋಡಿದೆ. ಬಲಗಿವಿ 70 ಡೆಸಿಬಲ್ ದಾಟಿದೆ, ಅಂದರೆ ಸದ್ದು ಅಷ್ಟು ಜೋರಾದರೆ ಮಾತ್ರ ಕೇಳುತ್ತದೆ, ನೂರು ಪದ ಹೇಳಿದರೆ 30 ಕೂಡ ಅರ್ಥವಾಗುತ್ತಿಲ್ಲ. ಫೋನ್ ಅನ್ನು ನೀವು ಎಡಗಿವಿಗೇ ಇಟ್ಟುಕೊಳ್ಳೋದು ಅಲ್ವಾ? ಹಾಗಿದ್ದರೆ ಕಳೆದುಕೊಳ್ಳುವುದಕ್ಕೆ ಅಲ್ಲಿ ಹೆಚ್ಚೇನೂ ಉಳಿದಿಲ್ಲ. ಇದೇ ಕಾಯಿಲೆ, ಇಷ್ಟೇ ಸುತ್ತು, ಆದರೆ ಬಲಗಿವಿ ಚೆನ್ನಾಗಿ ಕೇಳುತ್ತಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು.

ಎಡಗಿವಿ ಪರೀಕ್ಷೆ ಮಾತ್ರ ಬಿಡಬೇಡಿ. ವರ್ಷಗಳು ಕಳೆದಂತೆ ಕೆಲವರಿಗೆ ಈ ಕಾಯಿಲೆ ಎರಡನೇ ಕಿವಿಗೂ ಬರುತ್ತದೆ. ಆಗ ಬಲಗಿವಿ ಕೊಂದುಬಿಟ್ಟಿದ್ದರೆ ಕಷ್ಟ. ಕಿವಿಗೆ ಬಿಸಿ ಮತ್ತು ತಣ್ಣನೆ ನೀರು ಬಿಟ್ಟು ಕಣ್ಣಿನ ಅಲುಗಾಟ ನೋಡುವ ಕ್ಯಾಲೋರಿಕ್ ಪರೀಕ್ಷೆ ಎರಡೂ ಕಿವಿಗೆ ಆಗಬೇಕು, ಕಿವಿಯ ನರದ ಮೇಲೆ ಗಡ್ಡೆ ಇಲ್ಲ ಅಂತ ಎಂಆರ್‌ಐ ಕೂಡ. ಈ ಪರೀಕ್ಷೆಗಳು ನಿಮ್ಮೂರಲ್ಲಿ ಇಲ್ಲದಿದ್ದರೆ, ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೈಗ್ರೇನ್ ಇದೆಯಾ ಅಂತಲೂ ನೋಡಿಸಿಕೊಳ್ಳಿ. ಅದರ ತಲೆಸುತ್ತು ಮೆನಿಯರ್ಸ್ ವೇಷದಲ್ಲೇ ಬರುತ್ತದೆ, ಕಿವಿಯ ಆಪರೇಷನ್‌ಗೆ ಅದು ಬಗ್ಗುವುದಿಲ್ಲ.

ಆಪರೇಷನ್ ಆದರೆ ಮೊದಲ ಎರಡು ಮೂರು ದಿನ ಇದುವರೆಗಿನ ಎಲ್ಲ ಸುತ್ತಿಗಿಂತ ಜೋರು ಸುತ್ತು. ಆಮೇಲೆ ಗೋಡೆ ಹಿಡಿದು ನಡಿಗೆ, ತಲೆ ಆಡಿಸುವ ವ್ಯಾಯಾಮ, ವಾರಗಟ್ಟಲೆ. ಇದನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳದೆ ಬಿಟ್ಟು ಬೈಸಿಕೊಂಡಿದ್ದು ಇನ್ನೊಂದು. ಮಲೆನಾಡಿನ ಅಜ್ಜಿಯೊಬ್ಬರು ಆಪರೇಷನ್ ಆಗಿ ಮೂರು ತಿಂಗಳಿಗೆ ಬಂದು, ‘ಸುತ್ತು ಹೋಯ್ತು ಮಾರಾಯ್ರೆ, ಆದ್ರೆ ರಾತ್ರಿ ಕೊಟ್ಟಿಗೆಗೆ ಹೋಗಕ್ಕೆ ಆಗಲ್ಲ, ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಕ್ಕೆ ಆಗಲ್ಲ ಅಂತ ಮೊದ್ಲೇ ಹೇಳ್ಬಾರ್ದಿತ್ತಾ?’ ಅಂದರು. ಒಂದು ಕಿವಿಯ ಸಮತೋಲ ಹೋದವರು ಕಣ್ಣು ಮತ್ತು ಕಾಲನ್ನು ನಂಬಿ ನಡೆಯುತ್ತಾರೆ. ಕತ್ತಲಲ್ಲಿ ಕಣ್ಣಿಲ್ಲ, ಕೆಸರಲ್ಲಿ ಕಾಲಿಲ್ಲ. ನಿಮ್ಮ ಸ್ಕೂಲಿನ ದಾರಿಯಲ್ಲಿ ಸಂಕ ಇದೆಯಾ? ಮಳೆಗಾಲದಲ್ಲಿ ಹೇಗೆ ಹೋಗುತ್ತೀರಿ? ನಿರ್ಧಾರಕ್ಕೆ ಇದೂ ಬೇಕು. ಸಾಧ್ಯವಾದರೆ ಬೇಸಿಗೆ ರಜೆಗೆ ಇಟ್ಟುಕೊಳ್ಳಿ.

ಒಟ್ಟಿನಲ್ಲಿ ನಿಮ್ಮ ಜಾಗದಲ್ಲಿ ನಮ್ಮಕ್ಕ ಇದ್ದಿದ್ದರೆ ಈ ತಿಂಗಳೇ ಜೆಂಟಾಮೈಸಿನ್ ಕೊಡಿಸುತ್ತಿದ್ದೆ. ಆಮೇಲೂ ಬೀಳುತ್ತಿದ್ದರೆ ಲ್ಯಾಬಿರಿಂಥೆಕ್ಟಮಿಗೆ ಹಿಂದೆಮುಂದೆ ನೋಡುತ್ತಿರಲಿಲ್ಲ. ಅಲ್ಲಿಯವರೆಗೆ ಸ್ಕೂಟಿ ಬೇಡ, ಬಚ್ಚಲ ಒಲೆಗೆ ಬೇರೆಯವರು ಉರಿ ಹಾಕಲಿ, ಬಾವಿಕಟ್ಟೆ ಹತ್ತಿರ ಒಬ್ಬರೇ ಹೋಗಬೇಡಿ. ಇನ್ನೊಂದು, ಪಿತ್ತ ಅಂತ ಯಾರೋ ಹೇಳಿದ್ದಕ್ಕೆ ದಿನಾ ಉಪ್ಪು ಹಾಕಿ ಲಿಂಬೆ ಪಾನಕ ಕುಡಿಯುತ್ತಿದ್ದೀರಿ ಅಂತ ಕೊನೇ ಸಾಲಲ್ಲಿ ಬರೆದಿದ್ದೀರಿ. ಮಿಡಿ ಉಪ್ಪಿನಕಾಯಿಯನ್ನೇ ಬಿಡಿ ಅನ್ನುವ ಕಾಯಿಲೆ ಇದು. ಉಪ್ಪು ಬಿಟ್ಟರೆ ವಾಸಿಯಾಗುತ್ತದೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ, ಆದರೆ ಆ ಪಾನಕವಂತೂ ಬೇಡ.

ಪ್ರಶ್ನೆ: ನಮ್ಮ ತಂದೆಗೆ 66. ಹಾಸಿಗೆಯಲ್ಲಿ ಎಡಕ್ಕೆ ಮಗ್ಗುಲಾದರೆ ಅರ್ಧ ನಿಮಿಷ ಜೋರು ಸುತ್ತು, ಆಮೇಲೆ ಸರಿ. ಅವರಿಗೂ ಆಪರೇಷನ್ ಬೇಕಾ?

ಉತ್ತರ: ಬೇಡವೇ ಬೇಡ. ಇದು ಬೇರೆ ಕಾಯಿಲೆ. ಒಳಕಿವಿಯ ಸುಣ್ಣದ ಹರಳು ಜಾಗ ಬಿಟ್ಟು ಕೊಳವೆಗೆ ಜಾರಿರುವಂತಿದೆ. ಇಎನ್‌ಟಿಯವರ ಹತ್ತಿರ ಕರೆದುಕೊಂಡು ಹೋಗಿ ಎಪ್ಲಿ ವಿಧಾನ ಮಾಡಿಸಿ. ಮಲಗಿಸಿ, ತಲೆಯನ್ನು ಒಂದೊಂದೇ ದಿಕ್ಕಿಗೆ ತಿರುಗಿಸಿ ಹರಳನ್ನು ವಾಪಸ್ ಕಳಿಸುತ್ತಾರೆ. ಹತ್ತು ನಿಮಿಷದ ಕೆಲಸ. ಮತ್ತೆ ಬಂದರೆ ಮತ್ತೆ ಮಾಡಿಸಿ.

ಪ್ರಶ್ನೆ: ನನಗೆ ಲ್ಯಾಬಿರಿಂಥೆಕ್ಟಮಿ ಆಗಿ ಐದು ವಾರ. ಇನ್ನೂ ತೂರಾಟ ಇದೆ. ಭಯಕ್ಕೆ ದಿನಾ ಮೂರು ಸ್ಟೆಮೆಟಿಲ್ ತೆಗೆದುಕೊಳ್ಳುತ್ತಿದ್ದೇನೆ, ಜಾಸ್ತಿ ಹೊತ್ತು ಮಲಗೇ ಇರುತ್ತೇನೆ.

ಉತ್ತರ: ತೂರಾಟ ಹೋಗದೇ ಇರುವುದಕ್ಕೆ ಈ ಎರಡೂ ಕಾರಣ ಇರಬಹುದು. ಸ್ಟೆಮೆಟಿಲ್ ಮೊದಲ ಕೆಲವು ದಿನದ ವಾಂತಿಗೆ. ದಿನಾ ನುಂಗಿದರೆ ಮೆದುಳು ಹೊಸ ಲೆಕ್ಕ ಕಲಿಯುವುದನ್ನೇ ನಿಧಾನ ಮಾಡುತ್ತದೆ. ನಿಮ್ಮ ಸರ್ಜನ್‌ಗೆ ಫೋನ್ ಮಾಡಿ, ಹೇಗೆ ನಿಲ್ಲಿಸಬೇಕು ಅಂತ ಕೇಳಿ, ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಇವತ್ತಿಗೆ ಇಷ್ಟು ಮಾಡಿ: ಹೆಬ್ಬೆರಳನ್ನು ಕೈ ಅಳತೆ ದೂರದಲ್ಲಿ ಹಿಡಿದು, ನೋಟ ಅದರ ಮೇಲಿಟ್ಟು, ತಲೆಯನ್ನು ಬೇಡ ಅನ್ನುವ ಹಾಗೆ ಎಡಕ್ಕೆ ಬಲಕ್ಕೆ ಒಂದು ನಿಮಿಷ ಆಡಿಸಿ. ಕೂತೇ ಮಾಡಿ, ಪಕ್ಕದಲ್ಲಿ ಯಾರಾದರೂ ಇರಲಿ. ಸುತ್ತು ಬರುತ್ತದೆ. ಬರಲಿ, ಸ್ವಲ್ಪ ಬಂದರೇ ಮೆದುಳು ಕಲಿಯೋದು.